ಬ್ಯಾಂಡ್ ಮೇಷ್ಟ್ರ ಮಗಳು ಹೊರಗೆ ಕೊಟ್ಟ ಹಾಳೆಗಳು

ಬ್ಯಾಂಡ್ ಮೇಷ್ಟ್ರನ್ನು ಅವರ ನಿಜವಾದ ಹೆಸರಿನಿಂದ ಕರೆಯುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಪಿಂಚಣಿ ಆಫೀಸಿನ ಗುಮಾಸ್ತನೊಬ್ಬ ಮಾತ್ರ ವರ್ಷಕ್ಕೊಮ್ಮೆ ಕೂಗುತ್ತಿದ್ದ. ಆಗ ಮೇಷ್ಟ್ರು ಕೂಡ ಹಿಂದೆ ತಿರುಗಿ, ಯಾರಪ್ಪ ಆ ಮನುಷ್ಯ ಎಂದು ಹುಡುಕುತ್ತಿದ್ದರು.

ಅವರು ಕಮ್ಮಾರನ ಮಗ. ಚಿಕ್ಕಂದಿನಲ್ಲಿ ಅಪ್ಪನ ಕುಲುಮೆಯ ಪಕ್ಕ ಕೂತು ತಿದಿ ಒತ್ತಿ ಬೆಳೆದವರು. ಸೈನ್ಯಕ್ಕೆ ಸೇರಲು ಸಾಲಿನಲ್ಲಿ ನಿಂತ ದಿನ, ಎದೆಯ ಅಳತೆ ತೆಗೆಯುವವನು “ಉಸಿರು ಹಿಡಿ” ಎಂದು ಹೇಳಿ, ಪಕ್ಕದವನ ಜತೆ ಮಾತಿಗೆ ಬಿದ್ದು ಇವರನ್ನು ಮರೆತೇ ಬಿಟ್ಟನಂತೆ. ಮಾತು ಮುಗಿಸಿ ತಿರುಗಿ ನೋಡಿದರೆ ಈ ಹುಡುಗ ಇನ್ನೂ ಉಸಿರು ಹಿಡಿದೇ ನಿಂತಿದ್ದಾನೆ, ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. “ಇವನಿಗೆ ಬಂದೂಕು ಕೊಟ್ಟು ಹಾಳು ಮಾಡ್ಬೇಡಿ, ಬ್ಯಾಂಡಿಗೆ ಕಳಿಸಿ” ಎಂದನಂತೆ. ಇದು ಮೇಷ್ಟ್ರೇ ಹೇಳುತ್ತಿದ್ದ ಕತೆ. ಅವರ ಹೆಂಡತಿ ಪ್ರತಿಸಲವೂ “ಅರ್ಧ ಸುಳ್ಳು” ಅನ್ನುತ್ತಿದ್ದರು, ಪ್ರತಿಸಲವೂ ನಗುತ್ತಿದ್ದರು.

ಹೇಗೋ, ಅವರ ಜೀವಮಾನವೆಲ್ಲ ಕಹಳೆ ಊದುವುದರಲ್ಲೇ ಕಳೆಯಿತು. ಕವಾಯತು, ದೊಡ್ಡ ಅಧಿಕಾರಿಗಳ ಮಕ್ಕಳ ಮದುವೆ, ಸತ್ತವರನ್ನು ಕಳಿಸಿಕೊಡುವ ಹೊತ್ತು. ಯುದ್ಧ ಬಂದಾಗ ಮಾತ್ರ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಸ್ಟ್ರೆಚರ್ ಹಿಡಿಯಬೇಕು, ಗಾಯಗೊಂಡವರನ್ನು ಹೊತ್ತು ತರಬೇಕು. ಮೇಷ್ಟ್ರು ತರುಣರಾಗಿದ್ದಾಗ ಅಂಥದೊಂದು ಯುದ್ಧಕ್ಕೆ ಹೋಗಿ ಬಂದಿದ್ದರು. ಎಲ್ಲಿಗೆ ಹೋಗಿದ್ದಿರಿ, ಏನು ಕಂಡಿರಿ ಎಂದು ಹೆಂಡತಿ ಕೇಳಿದರೆ, “ಹೋಗಿದ್ದೆ, ಬಂದೆ” ಅಷ್ಟೇ ಉತ್ತರ. ಸೈನ್ಯಕ್ಕೆ ಸೇರುವಾಗ ಗುಟ್ಟು ಕಾಯುತ್ತೇನೆಂದು ಪ್ರಮಾಣ ಮಾಡಿದ್ದರಲ್ಲ, ಅದು ಅವರ ಮಟ್ಟಿಗೆ ಹಣೆಬರಹದಷ್ಟೇ ಗಟ್ಟಿ.

“ನಿಮ್ಮ ಹೊಟ್ಟೆ ಅಂದ್ರೆ ಹಳೇ ಬಾವಿ ಕಣ್ರೀ,” ಅನ್ನುತ್ತಿದ್ದರು ಹೆಂಡತಿ. “ಬಿಂದಿಗೆ ಬಿದ್ರೂ ಸದ್ದು ಬರಲ್ಲ.”

ಆಕೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಬೀದಿಯ ಅರ್ಧದಷ್ಟು ಕೋಟು, ಲಂಗ, ಸಮವಸ್ತ್ರ ಅವರ ಕೈಯಲ್ಲೇ ಬಿಗಿಯಾಗುತ್ತಿದ್ದವು, ಸಡಿಲವಾಗುತ್ತಿದ್ದವು. ಇವರಿಬ್ಬರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈ ಅಗಲ ಇದ್ದಳೆಂದು ಮೇಷ್ಟ್ರು ಗುಬ್ಬಿ ಎಂದು ಕರೆದದ್ದು, ಅವಳು ಅಪ್ಪನಿಗಿಂತ ಎತ್ತರ ಬೆಳೆದ ಮೇಲೂ ಬದಲಾಗಲಿಲ್ಲ.

ಗುಬ್ಬಿಗೆ ಸೈನ್ಯದ ಮದ್ದುಗುಂಡುಗಳ ತನಿಖಾ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತು. ಅಪ್ಪನ ಒಳ್ಳೆಯ ಹೆಸರೂ ಅದಕ್ಕೆ ಸ್ವಲ್ಪ ಒತ್ತಾಸೆಯಾಯಿತು. ಅವಳೂ ಪ್ರಮಾಣ ಮಾಡಿ ಬಂದಳು. ಮೊದಲ ದಿನ ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು, “ಅಲ್ಲಿ ಕಂಡಿದ್ದು ಅಲ್ಲೇ ಇರ್ಲಿ ಮಗಳೇ. ಮನೆಗೆ ವಾಪಸ್ ಬರೋದು ನೀನು, ನಿನ್ನ ಊಟದ ಡಬ್ಬಿ, ಎರಡೇ,” ಎಂದರು. “ಡಬ್ಬಿ ಮರೆತು ಬಂದ್ರೆ?” ಎಂದಳು ಅವಳು. “ಅದಕ್ಕೆ ನಿಮ್ಮಮ್ಮ ಇದ್ದಾಳೆ, ಕೋರ್ಟ್ ಮಾರ್ಷಲ್ ಮಾಡ್ತಾಳೆ.”

ಮೇಷ್ಟ್ರು ನಿವೃತ್ತರಾಗಿ ಕೆಲವು ವರ್ಷ ಕಳೆದ ಮೇಲೆ ಗಡಿಯಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಬ್ಯಾಂಡಿನ ಹುಡುಗರೆಲ್ಲ ಸ್ಟ್ರೆಚರ್ ಹಿಡಿದು ಅತ್ತ ಹೋದರು. ಇತ್ತ ಸತ್ತವರ ಪೆಟ್ಟಿಗೆಗಳು ಊರಿಗೆ ಬರತೊಡಗಿದಾಗ ಊದುವವರಿಲ್ಲದೆ, ಹಳೆಯ ಮೇಷ್ಟ್ರಿಗೆ ಹೇಳಿ ಕಳಿಸಿದರು. ಅವರು ಸಮವಸ್ತ್ರದ ಗುಂಡಿ ಕೂಡುತ್ತಿಲ್ಲವೆಂದು ಹೆಂಡತಿಯಿಂದ ಸಡಿಲ ಮಾಡಿಸಿಕೊಂಡು ಹೋದರು.

ಒಂದು ದಿನ ನಾಲ್ಕು ಪೆಟ್ಟಿಗೆಗಳು ಒಟ್ಟಿಗೆ ಬಂದವು. ನಾಲ್ವರೂ ಒಂದೇ ಫಿರಂಗಿಯ ಮೇಲೆ ಕೆಲಸ ಮಾಡುತ್ತಿದ್ದ ಹುಡುಗರು. ಅಧಿಕಾರಿಯೊಬ್ಬರು, ಇವರು ಶತ್ರುವಿನ ಗುಂಡಿಗೆ ಎದೆಯೊಡ್ಡಿದರು ಎಂದು ಭಾಷಣ ಮಾಡಿದರು. ಮೇಷ್ಟ್ರು ಊದಿದರು. ಎದುರಿಗೆ ಒಬ್ಬ ಹೆಂಗಸು ಬಸ್ ನಿಲ್ದಾಣದ ಸಿಬ್ಬಂದಿಯ ನೀಲಿ ಅಂಗಿಯಲ್ಲೇ ನಿಂತಿದ್ದರು. ಕೆಲಸದ ನಡುವಿನಿಂದಲೇ ಕರೆತಂದಿದ್ದರೋ ಏನೋ. ಸ್ವರ ನಿಲ್ಲುವವರೆಗೂ ಆಕೆ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಅವರ ಮಗ ಮೂರನೆಯ ಪೆಟ್ಟಿಗೆಯಲ್ಲಿದ್ದ.

ಆ ಸಂಜೆ ಊಟದ ಹೊತ್ತಿಗೆ ಮೇಷ್ಟ್ರು ನಾಲ್ಕು ಹುಡುಗರ ವಿಷಯ ಹೇಳಿದರು. ಗುಬ್ಬಿ ಯಾವ ದಳದವರು ಎಂದು ಕೇಳಿದಳು. ಅವರು ಹೇಳಿದರು. ಅವಳು ತಟ್ಟೆ ಹಾಗೇ ಬಿಟ್ಟು ಎದ್ದು ಹೋಗಿ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ನಿಂತಳು. ಮೆದು ಮನಸ್ಸಿನ ಹುಡುಗಿ, ಊಟದ ಹೊತ್ತಲ್ಲಿ ಹೇಳಬಾರದಿತ್ತು ಎಂದು ಮೇಷ್ಟ್ರು ತಮ್ಮನ್ನೇ ಬೈದುಕೊಂಡರು.

ಅವಳಿಗೆ ಏನು ಗೊತ್ತಿತ್ತು ಎನ್ನುವುದು ಅವರಿಗೆ ಗೊತ್ತಾದದ್ದು ಆಮೇಲೆ. ಆ ಹುಡುಗರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಅವರದೇ ಫಿರಂಗಿಯೊಳಗೆ ಅವರದೇ ಗುಂಡು ಸಿಡಿದಿತ್ತು. ಆ ಗುಂಡುಗಳನ್ನು ಸಿಡಿಸುವ ತುದಿಯ ಕಿಡಿಮೂತಿ ಸರಿಯಿಲ್ಲ, ಬಳಸಕೂಡದು ಎಂದು ಯುದ್ಧಕ್ಕೆ ಮೊದಲೇ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಆ ವರದಿಯನ್ನು ಬೆರಳಚ್ಚು ಮಾಡಿದವಳೇ ಗುಬ್ಬಿ. ಬೇರೆ ಗುಂಡುಗಳ ದಾಸ್ತಾನು ಸಾಲದೆ ಬಂದಾಗ ಅವನ್ನೇ ಗಡಿಗೆ ಕಳಿಸಿಬಿಟ್ಟಿದ್ದರು.

ಅವಳು ನೇರವಾಗಿ ಪತ್ರಿಕೆಗೆ ಓಡಿದವಳಲ್ಲ. ಮೊದಲು ತನ್ನ ಮೇಲಿನವನ ಹತ್ತಿರ ಹೋದಳು. “ನಿನ್ನ ಕೆಲಸ ಟೈಪ್ ಮಾಡೋದು, ಓದೋದಲ್ಲ,” ಎಂದ ಅವನು. ಅವನ ಮೇಲಿನವರ ಹತ್ತಿರ ಹೋದಳು. ಅವರು ಒಳ್ಳೆಯವರೇ. ಬಾಗಿಲು ಹಾಕಿ, ಅವಳಿಗೆ ನೀರು ಕೊಟ್ಟು, “ಗೊತ್ತಮ್ಮ. ಹೊಸ ಗುಂಡು ಬರ್ತಾ ಇದೆ, ದಾರಿಯಲ್ಲಿದೆ. ನಮ್ಮ ಅರ್ಧ ಗುಂಡು ನಮ್ಮ ಮೇಲೇ ಸಿಡಿಯುತ್ತೆ ಅಂತ ಆ ಕಡೆಯವರಿಗೆ ಗೊತ್ತಾದ್ರೆ ನಾಳೆನೇ ನುಗ್ತಾರೆ. ಸ್ವಲ್ಪ ತಡ್ಕೋ,” ಎಂದರು. ಅವಳು ತಡೆದುಕೊಂಡಳು. ತಡೆದುಕೊಂಡಿದ್ದ ದಿನಗಳಲ್ಲೇ ಇನ್ನೊಂದು ಫಿರಂಗಿ ಸಿಡಿಯಿತು. ಆಮೇಲೆ ಅವಳು ಆ ಹಾಳೆಗಳ ನಕಲು ತೆಗೆದು, ಊರಿನ ದೊಡ್ಡ ಪತ್ರಿಕೆಯ ವರದಿಗಾರನೊಬ್ಬನ ಕೈಗೆ ಕೊಟ್ಟಳು.

ಪತ್ರಿಕೆಯಲ್ಲಿ ಅದು ಬಂದ ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ಹೆಂಡತಿ ಗಿರಾಕಿಯೊಬ್ಬರ ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದರು. ಬಾಯಲ್ಲಿ ನಾಲ್ಕು ಸೂಜಿ ಇದ್ದದ್ದರಿಂದ ಅವರಿಗೆ ಕೂಗಲೂ ಆಗಲಿಲ್ಲ. ಪೊಲೀಸರ ಜತೆಗಿದ್ದ ಸೈನ್ಯದ ಅಧಿಕಾರಿಯನ್ನು ಕಂಡು ಮೇಷ್ಟ್ರು ಅಭ್ಯಾಸಬಲದಿಂದ ನೆಟ್ಟಗೆ ನಿಂತು ಸಲಾಮು ಹೊಡೆದರು. ಆ ಅಧಿಕಾರಿ ಕಣ್ಣು ತಪ್ಪಿಸಿದ.

“ಇದೇನೋ ತಪ್ಪು ತಿಳುವಳಿಕೆ ಆಗಿದೆ ಸಾರ್,” ಎಂದರು ಮೇಷ್ಟ್ರು.

“ತಪ್ಪು ತಿಳುವಳಿಕೆ ಅಲ್ಲಪ್ಪ,” ಎಂದಳು ಗುಬ್ಬಿ. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. “ನಾನೇ ಕೊಟ್ಟಿದ್ದು.”

ಕೋರ್ಟು ಆ ವಿಷಯದ ಬಗ್ಗೆ ಯಾರೂ ಬರೆಯಬಾರದು, ಪ್ರಸಾರ ಮಾಡಬಾರದು, ಗುಬ್ಬಿಯ ಮನೆಯವರು ಯಾರೊಡನೆಯೂ ಮಾತಾಡಬಾರದು ಎಂದು ಆಜ್ಞೆ ಮಾಡಿತು. ಪತ್ರಿಕೆಯ ಉಳಿದ ಪ್ರತಿಗಳನ್ನು ಎತ್ತಿಕೊಂಡು ಹೋದರು. ಮಾತಿಗೆ ಬೇಲಿ ಹಾಕಿದರೆ ಅದು ಕೆಳಗಿನಿಂದ ತೂರುತ್ತದೆ. ಚಹಾದಂಗಡಿಯಲ್ಲಿ ಒಬ್ಬ, “ಆ ವಿಷಯ ಗೊತ್ತಾಯ್ತಾ?” ಅನ್ನುವುದು, ಇನ್ನೊಬ್ಬ, “ಯಾವುದು?” ಅನ್ನುವುದು, “ಅದೇಪ್ಪ, ಮಾತಾಡಬಾರದ ವಿಷಯ,” ಎಂದು ಮೊದಲನೆಯವನು ಹೇಳಿ ಇಬ್ಬರೂ ಅರ್ಧ ಗಂಟೆ ಮಾತಾಡುವುದು. ಆದರೆ ಮೇಷ್ಟ್ರು ಒಳಗೆ ಬಂದರೆ ಎಲ್ಲರಿಗೂ ಚಹಾ ಬಿಸಿಯಾಗಿಬಿಡುತ್ತಿತ್ತು, ತಲೆ ತಗ್ಗಿಸಿ ಊದಿಕೊಳ್ಳುತ್ತಿದ್ದರು. ಮನೆಯ ಗೇಟಿನ ಮೇಲೆ ಯಾರೋ ಮಸಿಯಲ್ಲಿ ‘ದ್ರೋಹಿ’ ಎಂದು ಬರೆದರು. ಹೆಂಡತಿ ಸೀಮೆಎಣ್ಣೆ ಹಾಕಿ ತಿಕ್ಕಿದರು. “ಬರೆಯೋದಾದ್ರೆ ಅಕ್ಷರನಾದ್ರೂ ನೆಟ್ಟಗೆ ಬರೀಬಾರದಾ,” ಎಂದು ಬೀದಿಗೆಲ್ಲ ಕೇಳುವಂತೆ ಗೊಣಗಿದರು.

ಆಕೆ ವಾರವಾರವೂ ಜೈಲಿಗೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದರು. ಮೇಷ್ಟ್ರು ಹೋಗಲಿಲ್ಲ. ಮಂಡಿನೋವು ಅಂದರು, ಬಸ್ಸಿನಲ್ಲಿ ನೂಕುನುಗ್ಗಲು ಅಂದರು. ಹೆಂಡತಿ ಒತ್ತಾಯ ಮಾಡಲಿಲ್ಲ. ಅವರಿಗೆ ಗೊತ್ತಿತ್ತು, ನೋವು ಮಂಡಿಯದಲ್ಲ. ಹಿಂದೆ ಜತೆಗಿದ್ದವರು ದಾರಿಯಲ್ಲಿ ಸಿಕ್ಕರೆ ಮೇಷ್ಟ್ರು ತಾವಾಗಿಯೇ ರಸ್ತೆ ದಾಟಿಬಿಡುತ್ತಿದ್ದರು. ಕೊಟ್ಟ ಮಾತು ಮುರಿಯುವವರಿಗೆ ಅವರು ಇಡೀ ಜೀವನ ಎರಡು ಕಾಸಿನ ಬೆಲೆಯನ್ನೂ ಕೊಟ್ಟಿರಲಿಲ್ಲ. ಈಗ ಮುರಿದವಳು ಯಾರೆಂದರೆ, ಹೆಗಲ ಮೇಲೆ ಕೂರಿಸಿಕೊಂಡು ಕವಾಯತು ತೋರಿಸಿದ ಮಗಳು. ಬೈಯಲು ಬಾಯಿ ಬರುವುದಿಲ್ಲ, ಒಪ್ಪಲು ಮನಸ್ಸು ಬರುವುದಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಆ ನೀಲಿ ಅಂಗಿಯ ತಾಯಿ ಬಂದರು. ಹೆಂಡತಿ ಬಟ್ಟೆ ತಲುಪಿಸಲು ಹೋಗಿದ್ದರು. ಆಕೆ ಬಾಗಿಲಲ್ಲಿ ನಿಂತು, “ನಾನು ಬಸ್ ಸ್ಟ್ಯಾಂಡಲ್ಲಿ ಟಿಕೆಟ್ ಕೊಡೋಳು. ಆವತ್ತು ನನ್ನ ಮಗನಿಗೆ ನೀವು ಊದಿದ್ರಿ,” ಎಂದರು. ಮೇಷ್ಟ್ರು ಕುರ್ಚಿಯ ಮೇಲಿದ್ದ ಬಟ್ಟೆಯ ಚೂರುಗಳನ್ನು ಎತ್ತಿ ಕೂರಿಸಿದರು.

ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. “ಪೇಪರಿನಲ್ಲಿ ಬಂದಿತ್ತಂತೆ. ನಾನು ನೋಡೋಕೆ ಮುಂಚೆ ಎತ್ಕೊಂಡು ಹೋದ್ರು. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನ್ನ ಮಗ ಹೋಗಿದ್ದು ನಮ್ಮದೇ ಗುಂಡಿನಿಂದಾನಾ ಮೇಷ್ಟ್ರೇ?”

“ಆ ವಿಷಯ ಮಾತಾಡಬಾರದು ಅಂತ ಕೋರ್ಟಿನ ಆಜ್ಞೆ ಇದೆ ತಾಯಿ.”

“ಮಾತಾಡ್ಬೇಡಿ. ಹಾಗಲ್ಲ ಅಂತಾದ್ರೆ, ಅಲ್ಲ ಅನ್ನಿ ಸಾಕು. ಎದ್ದು ಹೋಗ್ತೀನಿ.”

ಮೇಷ್ಟ್ರು ನೆಲ ನೋಡಿದರು. ಅಲ್ಲ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ತೋಳೊಂದು ನೇತಾಡುತ್ತಿತ್ತು, ಅದನ್ನು ಎತ್ತಿ ಮಡಿಸಿಟ್ಟರು, ಮತ್ತೆ ಬಿಚ್ಚಿದರು. ಆಕೆ ಅಷ್ಟು ಹೊತ್ತೂ ಕಾದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕೊಟ್ಟ ನೀರು ಪೂರ್ತಿ ಕುಡಿದರು.

“ನಿಮ್ಮ ಮಗಳು,” ಎಂದರು ಎದ್ದು ನಿಂತು, “ಅಲ್ಲಿ ಹೊಟ್ಟೆ ತುಂಬ ಊಟ ಮಾಡ್ತಾಳಾ?”

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮಗನನ್ನು ಕಳೆದುಕೊಂಡವರಿಗೆ ಬಂದ ಯೋಚನೆ, ಮಗಳಿದ್ದ ತನಗೆ ಬರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಮುಂದಿನ ಭೇಟಿಯ ದಿನ ಹೆಂಡತಿಗಿಂತ ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಮಂಡಿ ವಾಸಿಯಾಯ್ತಾ?” ಎಂದು ಮಾತ್ರ ಕೇಳಿದರು. ಜೈಲಿನ ಗೇಟು ತಲುಪಿದ ಮೇಲೆ, ಆಕೆ ಹೊರಗಿನ ಬೆಂಚಿನ ಮೇಲೆ ಕೂತು ಮೇಷ್ಟ್ರೊಬ್ಬರನ್ನೇ ಒಳಗೆ ಕಳಿಸಿದರು.

ಭೇಟಿಯ ಕೋಣೆಯಲ್ಲಿ ಉದ್ದ ಮೇಜು, ನಡುವೆ ತಂತಿಯ ಜಾಲರಿ, ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ. ಗುಬ್ಬಿ ಸೊರಗಿದ್ದಳು. ಅಪ್ಪನನ್ನು ಕಂಡು ನಿಂತಲ್ಲೇ ನಿಂತಳು.

“ಕೂತ್ಕೋ,” ಎಂದರು ಮೇಷ್ಟ್ರು. “ಊಟ ಮಾಡ್ತೀಯಾ ಇಲ್ಲಿ?”

“ಮಾಡ್ತೀನಪ್ಪ. ಬೇಳೆ ಚೆನ್ನಾಗಿ ಬೆಂದಿರಲ್ಲ. ಅಮ್ಮನಿಗೆ ಹೇಳ್ಬೇಡ, ಇಲ್ಲೇ ಬಂದು ಒಲೆ ಹಚ್ತಾಳೆ.”

ಇಬ್ಬರೂ ಸ್ವಲ್ಪ ನಕ್ಕರು. ನಕ್ಕದ್ದೇ ತಪ್ಪಾಯಿತು, ಮೇಷ್ಟ್ರು ಅಷ್ಟು ದಿನ ಅದುಮಿಟ್ಟದ್ದು ಮಾತಾಗಿ ಹೊರಬಂತು.

“ನಿನಗೆ ಒಂದು ವಿಷಯ ಹೇಳ್ತೀನಿ. ನಿಮ್ಮಮ್ಮನಿಗೂ ಹೇಳಿಲ್ಲ,” ಎಂದರು. “ಆ ಯುದ್ಧದಲ್ಲಿ ಒಂದ್ಸಲ ನಾವು ಒಂದು ಹಳ್ಳದಲ್ಲಿ ಸಿಕ್ಕಿಹಾಕ್ಕೊಂಡ್ವಿ. ಗಾಯ ಆದವರು ಸ್ಟ್ರೆಚರ್ ಮೇಲೆ, ನಾವು ಪಕ್ಕದಲ್ಲಿ ಮಕಾಡೆ ಮಲಗಿದ್ವಿ. ಮೇಲುಗಡೆ ದಂಡೆ ಮೇಲೆ ಆ ಕಡೆಯವರು ನಡೀತಾ ಇದ್ರು, ಬೂಟಿನ ಸದ್ದು ಕೇಳೋದು. ನನ್ನ ಸ್ಟ್ರೆಚರಿನಲ್ಲಿದ್ದವನಿಗೆ ಕಾಲು ಇರ್ಲಿಲ್ಲ ಕಣೇ. ಅವನು ಟೋಪಿ ತೆಗೆದು ಬಾಯಿಗೆ ತುರುಕ್ಕೊಂಡ. ನನ್ನ ಕೈ ಹಿಡ್ಕೊಂಡಿದ್ದ. ಒಂದು ಸದ್ದು, ಒಂದೇ ಒಂದು ಸದ್ದು ಮಾಡ್ಲಿಲ್ಲ ಅವನು. ನಾವೆಲ್ಲ ಬದುಕಿದ್ವಿ. ಅವತ್ತು ಅವನು ಬಾಯಿ ಬಿಟ್ಟಿದ್ರೆ ನೀನು ಹುಟ್ತಾನೇ ಇರ್ಲಿಲ್ಲ. ಬಾಯಿ ಮುಚ್ಕೊಂಡಿರೋದು ಅಂದ್ರೆ ಹೇಡಿತನ ಅಲ್ಲ ಮಗಳೇ. ಅದಕ್ಕೂ ಎದೆ ಬೇಕು.”

ಗುಬ್ಬಿ ಜಾಲರಿಗೆ ಬೆರಳು ಸಿಕ್ಕಿಸಿ ಕೇಳುತ್ತಿದ್ದಳು.

“ಅವನು ಉಳಿದನಾ ಅಪ್ಪ?”

“ಉಳಿದ.”

“ಅವನು ಸುಮ್ಮನಿದ್ದಿದ್ದು ನಿಮ್ಮನ್ನ ಉಳಿಸೋಕೆ. ನನಗೆ ಸುಮ್ಮನಿರು ಅಂದಿದ್ದು ಯಾರನ್ನ ಉಳಿಸೋಕೆ ಹೇಳು. ಆ ಹುಡುಗರಿಗೆ ಗುಂಡು ತುಂಬೋವಾಗ ಗೊತ್ತಿರಲಿಲ್ಲ. ಎದುರಿನವರಿಗೆ ಗೊತ್ತಾಗಬಾರದು ಅಂತ, ನಮ್ಮವರಿಗೇ ಹೇಳಲಿಲ್ಲ.” ಆಮೇಲೆ ದನಿ ಸಣ್ಣದಾಯಿತು. “ಆದ್ರೆ ನೀನು ಹೇಳಿದ್ದು ಸರಿ. ಒಂದು ಹಾಳೆ ಇತ್ತಪ್ಪ.”

“ಯಾವ ಹಾಳೆ?”

“ಎಲ್ಲ ಹಾಳೆಯಲ್ಲೂ ಜಾಗದ ಹೆಸರು, ದಾರಿ, ದಳದ ಲೆಕ್ಕ ಎಲ್ಲ ಮಸಿ ಹಾಕಿ ಮುಚ್ಚಿದ್ದೆ. ಸಂಜೆ ಕೂತು ಒಂದೊಂದೇ ಸಾಲು. ಒಂದು ಹಾಳೆ ಇನ್ನೊಂದಕ್ಕೆ ಅಂಟ್ಕೊಂಡಿತ್ತು. ನೋಡಲಿಲ್ಲ. ಅದರಲ್ಲಿ ಒಂದು ಉಗ್ರಾಣದ ಜಾಗ ಇತ್ತು. ಪೇಪರಿನವರೂ ನೋಡಲಿಲ್ಲ, ಹಾಕಿಬಿಟ್ರು. ಕಣ್ಣು ಮುಚ್ಚಿದ್ರೆ ಅದೊಂದೇ ಹಾಳೆ ಕಾಣುತ್ತೆ. ಆ ಜಾಗದಲ್ಲಿ ಯಾರಿದ್ರೋ, ಏನಾದ್ರೋ, ಇಲ್ಲಿ ಯಾರೂ ಹೇಳಲ್ಲ.”

ಅವಳು ಅತ್ತಳು. ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆಯೇ, ಸದ್ದಿಲ್ಲದೆ, ಮೂಗು ಮಾತ್ರ ಕೆಂಪಗಾಗಿ. ಬೈಯಬೇಕೆಂದು ವಾರಗಟ್ಟಲೆ ಕೂಡಿಟ್ಟ ಮಾತುಗಳನ್ನೆಲ್ಲ ಇವಳು ತನಗಿಂತ ಮೊದಲೇ ತನಗೆ ತಾನೇ ಬೈದುಕೊಂಡು ಮುಗಿಸಿದ್ದಾಳೆ ಎಂದು ಮೇಷ್ಟ್ರಿಗೆ ಅರ್ಥವಾಯಿತು. ಅವರು ಜಾಲರಿಯ ಈಚೆಯಿಂದ ಅವಳ ಬೆರಳ ತುದಿಗಳ ಮೇಲೆ ತಮ್ಮ ಬೆರಳಿಟ್ಟರು. ಕಾವಲಿನವಳು ಮುಟ್ಟಬಾರದು ಎನ್ನಲು ಬಾಯಿ ತೆರೆದವಳು, ಅತ್ತ ತಿರುಗಿ ಕಿಟಕಿ ನೋಡತೊಡಗಿದಳು.

“ಅಂಟ್ಕೊಂಡಿತ್ತು ಅಂದ್ಯಲ್ಲ,” ಎಂದರು ಮೇಷ್ಟ್ರು. “ಬೇಕು ಅಂತ ಮಾಡಿದ್ದಲ್ಲ.”

“ಬೇಕು ಅಂತ ಮಾಡದಿದ್ರೂ ಆಗಿದ್ದು ಆಯ್ತಲ್ಲಪ್ಪ.”

“ಆಯ್ತು,” ಎಂದರು ಅವರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

ವಿಚಾರಣೆ ಶುರುವಾದಾಗ ಗುಬ್ಬಿಯ ಪರ ವಕೀಲೆ ಮೇಷ್ಟ್ರನ್ನು ಸಾಕ್ಷಿಗೆ ಕರೆದರು. ದೇಶಕ್ಕಾಗಿ ದುಡಿದ ಮನೆತನ, ಒಳ್ಳೆಯ ನಡತೆಯ ಹುಡುಗಿ ಎಂದು ಹೇಳಿದರೆ ಸಾಕು ಎಂದು ಆಕೆ ಕಲಿಸಿಕೊಟ್ಟಿದ್ದರು. ಮೇಷ್ಟ್ರು ಅದನ್ನು ಹೇಳಿದರು. ಆಮೇಲೆ ಸರ್ಕಾರಿ ವಕೀಲ ಎದ್ದ. ಆ ಒಂದು ಹಾಳೆಯ ದೆಸೆಯಿಂದ ಉಗ್ರಾಣವನ್ನು ಅವಸರದಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು, ಕೆಟ್ಟ ರಸ್ತೆಯಲ್ಲಿ ಲಾರಿಯೊಂದು ಉರುಳಿ ಅದರ ಚಾಲಕನ ಕೈ ಜಜ್ಜಿಹೋಯಿತು ಎಂದು ಅವನು ಮೊದಲೇ ಕೋರ್ಟಿಗೆ ಹೇಳಿದ್ದ.

“ನೀವೂ ಪ್ರಮಾಣ ಮಾಡಿದವರು,” ಎಂದ ಅವನು. “ಎಂದಾದರೂ ಮುರಿದಿದ್ದೀರಾ?”

ಮೇಷ್ಟ್ರು ಸ್ವಲ್ಪ ಯೋಚಿಸಿದರು. “ಮೊನ್ನೆ ಜೈಲಿನಲ್ಲಿ ಮಗಳಿಗೆ ಒಂದು ಹಳೇ ವಿಷಯ ಹೇಳಿದೆ. ಅದಕ್ಕೆ ಮುಂಚೆ ಇಲ್ಲ ಸ್ವಾಮಿ.”

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ವಕೀಲ ನಗಲಿಲ್ಲ. “ಹಾಗಾದರೆ ನಿಮ್ಮ ಮಗಳು ಮಾಡಿದ್ದು ಸರಿಯೋ ತಪ್ಪೋ? ತಂದೆಯಾಗಿ ಬೇಡ, ಸೈನಿಕನಾಗಿ ಹೇಳಿ.”

“ಆ ಒಂದು ಹಾಳೆ ಹೊರಗೆ ಹೋಗಿದ್ದು ತಪ್ಪು,” ಎಂದರು ಮೇಷ್ಟ್ರು. “ಅದರಿಂದ ಒಬ್ಬರಿಗೆ ಪೆಟ್ಟಾಗಿದೆ. ಮಿಕ್ಕಿದ್ದು ತಪ್ಪು ಅನ್ನೋಕೆ ನನಗೆ ಬಾಯಿ ಬರ್ತಾ ಇಲ್ಲ. ಆ ಹುಡುಗರಿಗೆ ನಾನೇ ಊದಿದೀನಿ.”

ಗುಬ್ಬಿಯ ವಕೀಲೆ ಕಣ್ಣು ಮುಚ್ಚಿಕೊಂಡರು. ಸರ್ಕಾರಿ ವಕೀಲನಿಗೆ ಮೊದಲಿನ ಎರಡು ಮಾತು ಸಾಕಿತ್ತು, ಸೈನಿಕನಾದ ತಂದೆಯೇ ತಪ್ಪೆಂದು ಒಪ್ಪಿದ್ದಾನೆ ಎಂದು ಹಿಡಿದುಕೊಂಡ. ಕಟಕಟೆಯೊಳಗಿನಿಂದ ಗುಬ್ಬಿ ಅಪ್ಪನನ್ನು ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು. ಆದರೆ ಅದನ್ನು ಅವಳಮ್ಮ ನೋಡಲಿಲ್ಲ. ಅವರು ಆಗಲೇ ಎದ್ದು ಹೊರಗೆ ನಡೆದಿದ್ದರು.

ಮನೆಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಹೇಳಿದರು. “ಇಡೀ ಜನ್ಮ ಬಾಯಿ ಬಿಡದವರು, ಬಿಡಬಾರದ ಹೊತ್ತಲ್ಲಿ ಬಿಟ್ರಿ.” ಅಲ್ಲಿಂದ ಮುಂದೆ ಅವರೊಡನೆ ಮಾತು ಬಿಟ್ಟರು. ಏನಾದರೂ ತಿಳಿಸುವುದಿದ್ದರೆ ಬೆಕ್ಕಿಗೆ ಹೇಳುತ್ತಿದ್ದರು. “ಊಟ ಬಡಿಸಿದೆ ಅಂತ ಹೇಳು ಅವರಿಗೆ.” “ಸಾಬೂನು ಮುಗಿದಿದೆ, ತರೋರಿದ್ರೆ ತರ್ಲಿ.” ಬೆಕ್ಕು ಇಬ್ಬರ ನಡುವೆ ಕೂತು ಬಾಲ ನೆಕ್ಕಿಕೊಳ್ಳುತ್ತಿತ್ತು. ಮೇಷ್ಟ್ರೂ ಅದಕ್ಕೇ ಉತ್ತರ ಕೊಡುತ್ತಿದ್ದರು.

ಆ ಚಾಲಕನ ಯೋಚನೆ ಅವರನ್ನು ಬಿಡಲಿಲ್ಲ. ವಿಚಾರಿಸಿದಾಗ, ಅವನು ಊರಿನ ಸೈನಿಕ ಆಸ್ಪತ್ರೆಯಲ್ಲೇ ಇದ್ದಾನೆಂದು ತಿಳಿಯಿತು. ಕಿತ್ತಳೆ ಹಣ್ಣು ಕಟ್ಟಿಸಿಕೊಂಡು ಹೋದರು. ಮೂವತ್ತು ದಾಟದ, ದಪ್ಪ ಮೀಸೆಯ ಮನುಷ್ಯ. ಬಲಗೈ ಭುಜದಿಂದ ಬೆರಳವರೆಗೆ ಪಟ್ಟಿಯೊಳಗಿತ್ತು. ಮೇಷ್ಟ್ರು ತಾವು ಯಾರೆಂದು ಹೇಳಿದರು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

“ಯಾಕೆ ಬಂದ್ರಿ?” ಎಂದ ಕೊನೆಗೆ.

“ಹೇಗಿದೀರಿ ಅಂತ ನನ್ನ ಮಗಳಿಗೆ ಯಾರೂ ಹೇಳ್ತಿಲ್ಲ. ಅವಳು ಕೇಳ್ತಾನೇ ಇರ್ತಾಳೆ.”

“ಎರಡು ಬೆರಳು ಮಡಚಲ್ಲ ಅಂತ ಹೇಳಿ. ಇನ್ನು ದೊಡ್ಡ ಗಾಡಿ ಓಡಿಸೋಕಾಗಲ್ಲ ಅಂತ ಹೇಳಿ. ಕೋಪ ಇದೆ ಅಂತಾನೂ ಹೇಳಿ. ಇಲ್ಲ ಅಂತ ಸುಳ್ಳು ಯಾಕೆ ಹೇಳ್ಬೇಕು.”

“ಹೇಳ್ತೀನಿ.”

ಮೇಷ್ಟ್ರು ಹೊರಡಲು ಎದ್ದರು. ಚಾಲಕ ಮಂಚದ ಪಕ್ಕದ ಹಣ್ಣಿನ ಕಡೆ ನೋಡಿದ. “ಒಂದು ಸುಲಿದು ಕೊಟ್ಟು ಹೋಗಿ. ಎಡಗೈಲಿ ಬರಲ್ಲ. ನರ್ಸನ್ನ ಕೇಳೋಕೆ ನಾಚಿಕೆ.” ಮೇಷ್ಟ್ರು ಮತ್ತೆ ಕೂತು ಸುಲಿದರು, ನಾರು ತೆಗೆದು, ಬೀಜ ತೆಗೆದು, ಒಂದೊಂದೇ ತೊಳೆಯನ್ನು ಅವನ ಎಡಗೈಗೆ ಇಟ್ಟರು. ಅವನು ತಿನ್ನುತ್ತ ತನ್ನ ಊರಿನ ರಸ್ತೆಗಳ ಬಗ್ಗೆ, ಲಾರಿಯ ಗೇರಿನ ಬಗ್ಗೆ ಮಾತಾಡಿದ. ಆಮೇಲೂ ಅವನ ಕೈಗೆ ಬೇರೆ ಕೆಲಸ ಹಿಡಿಯುವಷ್ಟು ಶಕ್ತಿ ಬರುವವರೆಗೆ ಮೇಷ್ಟ್ರು ಆಗಾಗ ಹೋಗಿ ಬರುತ್ತಿದ್ದರು. ಕೋಪ ಹೋಯಿತೇ ಎಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎಲ್ಲಿಗೆ ಹೋಗುತ್ತಾರೆ ಇವರು ಎಂದು ಹೆಂಡತಿ ಬೆಕ್ಕನ್ನು ಕೇಳಿದರು. ಮೇಷ್ಟ್ರು ಬೆಕ್ಕಿಗೆ ಎಲ್ಲವನ್ನೂ ಹೇಳಿದರು. ಹೆಂಡತಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ ಕೇಳಿಸಿಕೊಂಡರು. “ಅವನ ಅಂಗಿಯ ಒಂದು ತೋಳು ಬಿಚ್ಚಿ ಗುಂಡಿ ಇಡಬೇಕಾಗುತ್ತೆ, ಪಟ್ಟಿ ಮೇಲೆ ಹಾಕ್ಕೊಳ್ಳೋಕೆ. ತಗೊಂಡು ಬನ್ನಿ, ಹೊಲಿದು ಕೊಡ್ತೀನಿ,” ಎಂದರು. ಈ ಸಲ ಬೆಕ್ಕಿನ ಕಡೆ ನೋಡಿರಲಿಲ್ಲ.

ತೀರ್ಪು ಬಂತು. ಪತ್ರಿಕೆಯವರು ಬರೆದದ್ದು ಜನರಿಗೆ ತಿಳಿಯಬೇಕಾದ ವಿಷಯ ಎಂದು ಅವರನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಪ್ರಮಾಣ ಮಾಡಿ ಮುರಿದವಳೆಂದು ಗುಬ್ಬಿಗೆ ಎರಡು ವರ್ಷ ಜೈಲು ವಿಧಿಸಿದರು. ಮಾತಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಕಾವಲಿಗೆ ನಿಂತವರಿಗೆ ಬೇರೆ ನಿಯಮ ಎಂದು ನ್ಯಾಯಾಧೀಶರು ಬಹಳ ಹೊತ್ತು ಓದಿದರು. ಕೊನೆಯಲ್ಲಿ, ಬಿಡುಗಡೆಯಾದ ಮೇಲೂ ಆ ಹಾಳೆಗಳಲ್ಲಿದ್ದ ವಿಷಯವನ್ನು ಅವಳು ಯಾರೊಡನೆಯೂ ಆಡಕೂಡದು ಎಂದರು. ಆ ಗುಂಡುಗಳನ್ನು ಗಡಿಯಿಂದ ಎಂದೋ ವಾಪಸು ತರಿಸಿದ್ದರು. ಯಾಕೆ ತರಿಸಿದರು ಎಂದು ಯಾರೂ ಹೇಳಲಿಲ್ಲ.

ಗುಬ್ಬಿ ಹೊರಗೆ ಬಂದಾಗ ಯುದ್ಧ ಮುಗಿದಿತ್ತು. ಅವಳು ಮೊದಮೊದಲು ನಿದ್ದೆಯೇ ಮಾಡುತ್ತಿದ್ದಳು. ಎದ್ದರೆ ಅಮ್ಮನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು. ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತ್ತು. ಹಲವು ಕಡೆ ತಿರುಗಿದ ಮೇಲೆ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಸಿಕ್ಕಿತು. ಅಂಗಡಿಯ ಮುದುಕ ಅವಳ ಕತೆ ಎಲ್ಲ ಗೊತ್ತಿದ್ದೂ, “ಕೈ ನಡುಗಲ್ಲ ತಾನೇ?” ಎಂದಷ್ಟೇ ಕೇಳಿದನಂತೆ. ಮನೆಯಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಯಾವ ಮಾತು ಎಲ್ಲಿಗೆ ತಾಗುತ್ತದೋ ಎಂಬ ಭಯದಿಂದ, ಹವೆಯ ವಿಷಯ ಆಡುವಾಗಲೂ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದಳು. ಮೇಷ್ಟ್ರು ಅದನ್ನು ನೋಡುತ್ತಿದ್ದರು. ಸುಮ್ಮನಿರುವುದು ಹೇಗೆಂದು ಇಡೀ ಜೀವನ ಕಲಿತವರು, ಮಗಳು ಅದನ್ನು ಕಲಿಯುತ್ತಿದ್ದರೆ ನೋಡಲಾರದೆ ಅಂಗಳಕ್ಕೆ ಹೋಗಿ ಗಿಡಗಳಿಗೆ ಬೇಡದ ನೀರು ಹಾಕುತ್ತಿದ್ದರು.

ಒಂದು ರಜೆಯ ಬೆಳಿಗ್ಗೆ ಟಿಕೆಟ್ ಕೊಡುವ ತಾಯಿ ಮತ್ತೆ ಬಂದರು. ಈ ಸಲ ನೀಲಿ ಅಂಗಿಯಿರಲಿಲ್ಲ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ಗುಬ್ಬಿ ಎದ್ದು ನಿಂತಳು. ಆಕೆ ಯಾರೆಂದು ಹೇಳುವ ಮೊದಲೇ, ಅಪ್ಪನ ಮುಖ ನೋಡಿ ಅವಳಿಗೆ ಗೊತ್ತಾಗಿತ್ತು.

“ಅಮ್ಮ, ನಾನು ಆ ವಿಷಯ ನಿಮ್ಮ ಹತ್ರ...”

“ಗೊತ್ತು ಕಣಮ್ಮ. ನೀನು ಏನೂ ಹೇಳ್ಬಾರದು. ಹೇಳ್ಬೇಡ,” ಎಂದು ಆಕೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ನನಗೇನೂ ಕೋರ್ಟು ಬಾಯಿ ಮುಚ್ಚು ಅಂದಿಲ್ಲ. ಇಷ್ಟು ವರ್ಷದಿಂದ ನನ್ನ ಮಗನ ಮಾತು ತೆಗೆದ್ರೆ ಸಾಕು, ಜನ ಎದ್ದು ಹೋಗ್ತಾರೆ. ಏನಾದ್ರೂ ತಪ್ಪು ಮಾತಾಡಿಬಿಡ್ತೀವೋ ಅಂತ. ನೀನು ಕೂತ್ಕೊಂಡು ಕೇಳ್ತೀಯಾ?”

ಗುಬ್ಬಿ ತಲೆಯಾಡಿಸಿದಳು.

ಆಕೆ ಹೇಳತೊಡಗಿದರು. ಬಸ್ ನಿಲ್ದಾಣದಲ್ಲೇ ಬೆಳೆದ ಆ ಹುಡುಗನಿಗೆ ಬಸ್ಸು ಹತ್ತಿದರೆ ವಾಂತಿ ಬರುತ್ತಿತ್ತಂತೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಇಳಿಸಿ ಎನ್ನುತ್ತಿದ್ದನಂತೆ. ಸೈನ್ಯಕ್ಕೆ ಸೇರಿದಾಗ, ಅಮ್ಮ, ಫಿರಂಗಿಯವರನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗ್ತಾರಂತೆ, ನಾನು ಯುದ್ಧಕ್ಕೆ ಮೊದಲೇ ಸಾಯ್ತೀನಿ ಎಂದಿದ್ದನಂತೆ. ಅಧಿಕಾರಿಯ ಹೊಸ ಬೂಟಿನ ಮೇಲೇ ಒಂದು ಸಲ ಕಕ್ಕಿಬಿಟ್ಟು, ಒಂದು ವಾರ ಆಲೂಗಡ್ಡೆ ಸುಲಿಯುವ ಶಿಕ್ಷೆ ಸಿಕ್ಕಿತ್ತಂತೆ. ಸುಲಿದ ಆಲೂಗಡ್ಡೆಗೆಲ್ಲ ಆ ಅಧಿಕಾರಿಯ ಮೂಗು ಕೆತ್ತಿ ಇಟ್ಟಿದ್ದನಂತೆ.

ಅಡುಗೆಮನೆಯಲ್ಲಿ ಮೇಷ್ಟ್ರು ಚಹಾಕ್ಕೆ ನೀರಿಟ್ಟಿದ್ದರು, ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. ಮುಂದಿನ ಕೋಣೆಯಿಂದ ಗುಬ್ಬಿ ನಗುವುದು ಕೇಳಿಸಿತು. ಮೊದಲು ತಡೆತಡೆದು, ಆ ಮೂಗಿನ ಮಾತು ಬಂದಾಗ ಬಾಯಿ ತುಂಬ. ಆ ತಾಯಿಯೂ ನಗುತ್ತಿದ್ದರು, ನಗುತ್ತಲೇ ಅಳುತ್ತಿದ್ದರು, ಆದರೂ ಮಾತು ನಿಲ್ಲಿಸಲಿಲ್ಲ.

ಹೆಂಡತಿ ಪಾತ್ರೆಯೊಳಗೆ ಇಣುಕಿ ನೋಡಿದರು.

“ಇನ್ನೆರಡು ಲೋಟ ನೀರು ಹಾಕಿ ರೀ. ಇವರು ಇವತ್ತು ಏಳೋ ಹಾಗೆ ಕಾಣಲ್ಲ.”